ವರ್ಲ್ಡ್ ಕಪ್ ಆಡದ ಮಾರೆಕ್

ಯಾರಾದರೂ ಹೊಗಳಿದರೆ ಮಾರೆಕ್ ಅವರ ಕಿವಿಗಳು ಕೆಂಪಗಾಗುತ್ತಿದ್ದವು. ಕೂಡಲೇ ಕೈಯೆತ್ತಿ ತಿದ್ದುತ್ತಿದ್ದರು: "ನೋ, ನೋ. ನಾನು ಹೆಚ್ಚು ಆಡಿದ್ದು ಸೆಕೆಂಡ್ ಡಿವಿಷನ್ನು. ಸಣ್ಣ ಊರು, ಫ್ಯಾಕ್ಟರಿ ಟೀಮು." ಸ್ಲೊವಾಕಿಯಾದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದ ಫಾರ್ವರ್ಡ್ ಅವರು. ಚೆಕ್ಕರೂ ಸ್ಲೊವಾಕರೂ ಬೇರೆಯಾಗಿ ದೇಶ ಎರಡು ಹೋಳಾದ ಮೇಲೆ ಟೊರಾಂಟೊಗೆ ಬಂದು, ಇಲ್ಲಿನ ಕ್ಲಬ್ಬೊಂದರಲ್ಲಿ ಮಂಡಿ ಸವೆಯುವವರೆಗೂ ಆಡಿದರು. ಆಮೇಲೆ ಊರ ಹೊರವಲಯದ ಪಿಕರಿಂಗಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ವಾರವಿಡೀ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ, ಶನಿವಾರ ನಮ್ಮ ಕನ್ನಡ ಸಂಘದ ಮಕ್ಕಳಿಗೆ ಪುಕ್ಕಟೆ ಕೋಚಿಂಗು.

ಮಕ್ಕಳೆಲ್ಲ ಚೆಂಡಿನ ಹಿಂದೆಯೇ ಗುಂಪಾಗಿ ಓಡಿದರೆ ಅವರಿಗೆ ಸಿಟ್ಟು. "ಫಾರ್ವರ್ಡ್ ಅಂದರೆ ಕಾಯುವವನು. ತೊಂಬತ್ತು ನಿಮಿಷದಲ್ಲಿ ನನ್ನ ಕೆಲಸ ಎರಡು ನಿಮಿಷ. ಉಳಿದದ್ದು ಕಾಯುವುದು," ಎನ್ನುತ್ತಿದ್ದರು. ನಮ್ಮನೆಗೆ ತಿಂಡಿಗೆ ಕರೆದರೂ ಒಲೆಯ ಪಕ್ಕವೇ ಕಾದು ನಿಂತು ಮೊದಲ ದೋಸೆಯನ್ನು ತಮ್ಮ ತಟ್ಟೆಗೆ ಹಾರಿಸುತ್ತಿದ್ದರು. "ನೋಡಿ ಸುಧಾ, ಪೊಸಿಷನ್!"

ಇಂಥವರ ಋಣ ತೀರಿಸಲು ನಮ್ಮ ಸಂಘಕ್ಕೆ ಗೊತ್ತಿದ್ದದ್ದು ಒಂದೇ ದಾರಿ, ಸನ್ಮಾನ. ರಾಜ್ಯೋತ್ಸವದ ದಿನ ಸ್ಟೇಜಿನ ಮೇಲೆ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ಕಾರ್ಯದರ್ಶಿಯಾಗಿದ್ದ ನಮ್ಮನೆಯವರ ಕೈಗೆ ಮೈಕು ಬಂತು. ಮೈಕು ಸಿಕ್ಕರೆ ಇವರ ನಾಲಿಗೆಗೆ ಲಗಾಮಿಲ್ಲ.

"ವರ್ಲ್ಡ್ ಕಪ್ ಆಡಿದಂಥ ಮಹಾನ್ ಆಟಗಾರರು ನಮ್ಮ ಮಕ್ಕಳಿಗೆ ಕೋಚ್ ಆಗಿರೋದು ನಮ್ಮೆಲ್ಲರ ಪುಣ್ಯ!" ಅಂದುಬಿಟ್ಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅಷ್ಟು ಕನ್ನಡದ ನಡುವೆ ಆ ಎರಡು ಇಂಗ್ಲಿಷ್ ಪದ ಮಾರೆಕ್ ಅವರಿಗೆ ಕೇಳಿಸದೆ ಇರುತ್ತದೆಯೆ? ಪೇಟ ತೆಗೆದು ಕೈಯಲ್ಲಿ ಹಿಡಿದು ಮೈಕಿನ ಮುಂದೆ ಬಂದರು. "ವರ್ಲ್ಡ್ ಕಪ್ ನಾನು ಆಡಿಲ್ಲ. ನ್ಯಾಷನಲ್ ಟೀಮಿನ ಕ್ಯಾಂಪಿಗೆ ಒಮ್ಮೆ ಕರೆದರು, ಆಡಿಸದೆ ಮನೆಗೆ ಕಳಿಸಿದರು. ಪ್ಲೀಸ್, ಇದು ತಪ್ಪು."

"ಎಂಥ ವಿನಯ ನೋಡಿ ಇವ್ರದ್ದು!" ಅಂದರು ಮುಂದಿನ ಸಾಲಿನ ಹಿರಿಯ ಡಾಕ್ಟರು. ಚಪ್ಪಾಳೆ ಇಮ್ಮಡಿಯಾಯಿತು. ನಿಜ ಹೇಳಿದವರನ್ನು ವಿನಯವಂತರೆಂದು ಮೆಚ್ಚಿ ಬಾಯಿ ಮುಚ್ಚಿಸುವುದು ನಮ್ಮವರಿಗೆ ಕರತಲಾಮಲಕ. ಕೂತಲ್ಲೇ ಭೂಮಿ ಬಾಯಿ ಬಿಡಬಾರದೆ ಅನಿಸಿತು ನನಗೆ.

ಸಾಲದೆಂಬಂತೆ ಆ ಫೋಟೊ ಸಂಘದ ವೆಬ್‌ಸೈಟಿಗೂ ಏರಿತು, ಅಡಿಯಲ್ಲಿ ಇಂಗ್ಲಿಷಿನಲ್ಲಿ ಅದೇ ಬಿರುದು. ಸ್ವಲ್ಪ ದಿನಕ್ಕೆ ಮಾರೆಕ್ ನಮ್ಮ ಬಾಗಿಲು ತಟ್ಟಿದರು. ಅವರ ಚರ್ಚಿಗೆ ಬರುವ ಹಳೆಯ ಸ್ಲೊವಾಕ್ ಆಟಗಾರರು ಅದನ್ನು ನೋಡಿದ್ದರು.

"ನಾನೇ ನಿಮಗೆ ಸುಳ್ಳು ಹೇಳಿದೆ ಅಂದುಕೊಂಡಿದ್ದಾರೆ. ತೆಗೆಯಿರಿ."

"ಅಯ್ಯೋ, ಅಭಿಮಾನಕ್ಕೆ ಹಾಕಿದ್ದು ಮಾರೆಕ್! ಅದರಲ್ಲೇನಿದೆ?" ಎಂದು ಇವರು ಅವರ ಭುಜ ತಟ್ಟಿದರು. ನಾನು ಜಗಳವಾಡಿ ಅದನ್ನು ತೆಗೆಸುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಮಾರೆಕ್ ಭಾನುವಾರ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದರು.

ಮುಂದಿನ ಬೇಸಿಗೆಯಲ್ಲಿ ಅವರು ಮನೆ ಮಾರಿ ಟೊರಾಂಟೊದ ಆಚೆ ಬದಿಯ ಬರ್ಲಿಂಗ್ಟನ್‌ಗೆ ಹೊರಟರು. ಸಾಮಾನು ಟ್ರಕ್ಕಿಗೇರುತ್ತಿದ್ದಾಗ ನಾನು ಇವರನ್ನು ಎಳೆದುಕೊಂಡು ಹೋದೆ. ತಲೆ ತಗ್ಗಿಸಿ "ಸಾರಿ ಮಾರೆಕ್" ಅಂದರು ಇವರು. ಮಾರೆಕ್ ಕೈ ಕುಲುಕಿದರು, ಟ್ರಕ್ಕಿನ ಬಾಗಿಲು ಎಳೆದು ಚಿಲಕ ಹಾಕಿದರು.

"ಫಸ್ಟ್ ಡಿವಿಷನ್‌ನಲ್ಲಿ ನಾನು ಎರಡು ಗೋಲು ಹೊಡೆದಿದ್ದೇನೆ," ಅಂದರು ನನ್ನ ಕಡೆ ತಿರುಗಿ. "ಅದು ನಿಜ, ಸುಧಾ. ಈಗ ಅದನ್ನು ಹೇಳಿದರೂ ನಗುತ್ತಾರೆ."