ಹಡಗಿನ ಕಳ್ಳನೂ ನಮ್ಮ ಅಧ್ಯಕ್ಷರೂ

ಬಟವಾಡಿಯ ಸಣ್ಣ ಹಾಲ್‌ನಲ್ಲಿ ಚಿತ್ರಸಂಘದವರಿಗೆ ಹಳೇ ಸಿನಿಮಾ ಹಾಕೋದು ನನ್ನ ಭಾನುವಾರದ ಕೆಲಸ. ಆವತ್ತಿನದು ದೊಡ್ಡ ಹಡಗಿನೊಳಗೆ ನಡೆಯೋ ಕಪ್ಪುಬಿಳುಪು ಚಿತ್ರ. ವಜ್ರದ ಹಾರ ಕಳುವಾಗುತ್ತೆ, ಕಳ್ಳನನ್ನು ಹುಡುಕುತ್ತ ಹುಡುಗ ಹುಡುಗಿ ಜಗಳವಾಡಿಕೊಂಡೇ ಪ್ರೀತಿಗೆ ಬೀಳ್ತಾರೆ.

ಶುರುವಾಗೋ ಮುಂಚೆ ಸಂಘದ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

"ಗುಬ್ಬೀಲಿ ಇನ್ನೊಂದು ಕಾರ್ಯಕ್ರಮ ಐತೆ, ಮಾತಾಡಿ ಹೊರಡ್ತೀನಿ. ಕಳ್ಳ ಯಾರು ಹೇಳ್ಬುಡಿ."

"ಹೇಳಿದ್ರೆ ನೋಡೋರಿಗೆ ಮಜಾ ಇರಲ್ಲ ಸಾರ್."

"ನಾನೇನು ಊರಿಗೆಲ್ಲ ಸಾರ್ತೀನಾ?"

ಮೈಕ್ ಕೈಗೆ ಸಿಕ್ಕರೆ ಅವರು ಏನು ಮಾಡ್ತಾರೆ ಅಂತ ನನಗೆ ಗೊತ್ತು. ಹಡಗಿನ ಕ್ಯಾಪ್ಟನ್ ಅಂದೆ. ನಿಜವಾಗಿ ಕದ್ದವಳು ಹುಡುಗಿಯ ಸೋದರತ್ತೆ.

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಅಧ್ಯಕ್ಷರು ಅರ್ಧ ಗಂಟೆ ಮಾತಾಡಿ, "ಕ್ಯಾಪ್ಟನ್ನೇ ಕಳ್ಳ, ನೀವೇ ನೋಡಿ" ಅಂತ ಮುಗಿಸಿ ಕಾರು ಹತ್ತಿದರು. ನನಗೆ ಒಳಗೊಳಗೇ ಖುಷಿ.

ಕೊನೆಗೆ ಸೋದರತ್ತೆಯ ಪೆಟ್ಟಿಗೇಲಿ ಹಾರ ಸಿಕ್ತು, ಅವಳು ಅತ್ತು ತಪ್ಪು ಒಪ್ಪಿಕೊಂಡಳು. ಕ್ಯಾಪ್ಟನ್ನೇ ನಿಂತು ಹುಡುಗ ಹುಡುಗಿಗೆ ಮದುವೆ ಮಾಡಿಸಿದ. ನಾನು ಲೈಟು ಹಾಕಿದೆ. ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ಎದ್ದು ಬಂದರು.

"ಪಾಪ, ಆಯಮ್ಮನ ತಲೆಗೆ ಕಟ್ಬುಟ್ಟು ಕ್ಯಾಪ್ಟನ್ ತಪ್ಪಿಸ್ಕೊಂಡ ನೋಡಿ."

"ಅವಳೇ ಒಪ್ಕೊಂಡಳಲ್ಲ ಮೇಷ್ಟ್ರೇ."

"ಒಪ್ಕೊಳ್ಳದೆ ಏನ್ ಮಾಡ್ತಾಳೆ? ನಡು ಸಮುದ್ರ. ಹಡಗು ಅವನದು."

ವಂದನಾರ್ಪಣೆಯಲ್ಲಿ, ಸಿನಿಮಾ ತೆಗೆದವರಿಗೇ ಸಿಗದ ಕಳ್ಳನನ್ನು ಹಿಡಿದುಕೊಟ್ಟ ಅಧ್ಯಕ್ಷರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹಾಲ್ ಅಧ್ಯಕ್ಷರದು.