ಇನ್‌ಸ್ಪೆಕ್ಷನ್ನಿಗೆ ಸುಣ್ಣ ಬಳಿದದ್ದು

ನಮ್ಮಣ್ಣ ಮಿಲಿಟರಿಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಅತ್ತಿಗೆ ಮೊದಲೇ ತೀರಿಕೊಂಡಿದ್ದರಿಂದ ನುಂಗಂಬಾಕ್ಕಂನ ನನ್ನ ಮನೆಗೇ ಕರೆತಂದೆ. ವಾರಕ್ಕೆ ಮೂರು ದಿನ ಒಂದು ವ್ಯಾನು ಬಂದು ಅವನನ್ನು ಅಡ್ಯಾರಿನ ಮಾಜಿ ಸೈನಿಕರ ಕೇಂದ್ರಕ್ಕೆ ಕರೆದೊಯ್ಯುತ್ತಿತ್ತು. ಅಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಅವನ ಕೈ ತಿಕ್ಕಿ, ಬಗ್ಗಿಸಿ, ಗದರಿಸಿ, ತಾನೇ ಮೊಸರನ್ನ ಕಲಸಿಕೊಳ್ಳುವ ಮಟ್ಟಕ್ಕೆ ತಂದಿದ್ದಳು. ವ್ಯಾನು, ಆ ಹುಡುಗಿಯ ಸಂಬಳ ಎರಡೂ ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದವು. ಅದು ನಿಂತರೆ ಅಣ್ಣನ ಕೈಯೂ ನಿಂತ ಹಾಗೆ.

ವಿಮಾ ಕಚೇರಿಯಲ್ಲಿ ಜೀವನಪೂರ್ತಿ ಫಾರಂ ತುಂಬಿದವಳು ನಾನು. ಹಾಗಾಗಿ ಅನುದಾನ ಮುಂದುವರಿಸಿ ಎಂದು ಕೇಂದ್ರದ ಪರವಾಗಿ ಅರ್ಜಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ಸೋರುವ ಸೂರು, ಮುರುಕು ಮಂಚ, ಎಲ್ಲೆಂದರಲ್ಲಿ ಕೆಟ್ಟು ನಿಲ್ಲುವ ವ್ಯಾನು, ಒಂದೂ ಬಿಡದೆ ಬರೆದೆ. ಅಧಿಕಾರಿಯೊಬ್ಬರು ನೋಡಲು ಬರುತ್ತಾರೆಂದು ಉತ್ತರ ಬಂತು.

ಎಡವಟ್ಟಾಗಿದ್ದು ಅಲ್ಲೇ. ಅಧಿಕಾರಿ ಬರುತ್ತಾರೆಂದರೆ ಕೇಂದ್ರದ ಈ ಮುದುಕರ ಪಾಲಿಗೆ ಅದು ಮಿಲಿಟರಿಯ ಇನ್‌ಸ್ಪೆಕ್ಷನ್. ತಾವೇ ಚಂದಾ ಎತ್ತಿ ಗೋಡೆಗೆಲ್ಲ ಸುಣ್ಣ ಬಳಿಸಿದರು. ಮುರುಕು ಮಂಚ ಹಿತ್ತಲಿಗೆ ಹೋಯಿತು, ಸೋರುವ ಜಾಗಕ್ಕೆ ತಾರು ಮೆತ್ತಿದ್ದಾಯಿತು, ವ್ಯಾನು ಫಳಫಳ ಹೊಳೆಯಿತು. ಅಣ್ಣನಂತೂ ನನ್ನ ಕೈಲಿ ಅವನ ಶೂಗಳಿಗೆ ಮೂರು ಸಲ ಪಾಲಿಶ್ ಹಾಕಿಸಿದ.

"ಅಯ್ಯೋ ರಾಮ! ಕಷ್ಟ ತೋರಿಸ್ಬೇಕಾದ ದಿನ ಯಾರಾದ್ರೂ ಮದುವೆಮನೆ ಮಾಡ್ತಾರೇನಣ್ಣ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರೇ."

ಅಧಿಕಾರಿ ಬಂದರು. ಕೆಟ್ಟವರೇನಲ್ಲ. ಸಾಲಾಗಿ ನಿಂತವರನ್ನು ಒಬ್ಬೊಬ್ಬರಾಗಿ, ಏನಾದರೂ ತೊಂದರೆ ಇದೆಯೇ ಎಂದು ತಮಿಳಿನಲ್ಲಿ ಕೇಳಿದರು. ಮಂಡಿ ಸವೆದವರು, ಕಣ್ಣು ಮಂಜಾದವರು, ಎಲ್ಲರದೂ ಒಂದೇ ಉತ್ತರ, "ಸಬ್ ಠೀಕ್ ಹೈ, ಸಾಬ್!" ನಮ್ಮಣ್ಣ ಗೋಡೆಗೆ ಒರಗಿ ಎದ್ದು ನಿಂತು, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಸೆಲ್ಯೂಟ್ ಹೊಡೆದ. ಸಾಹೇಬರ ಮುಂದೆ ಗೋಳು ಹೇಳಿಕೊಳ್ಳುವುದು ಅವರ ರಕ್ತದಲ್ಲೇ ಇಲ್ಲ. ನಾನು ಬಾಯಿ ಹಾಕಲು ಹೋದರೆ ಅಣ್ಣ ಕಣ್ಣಲ್ಲೇ ಗದರಿಸಿದ.

ಎರಡು ತಿಂಗಳಿಗೆ ಪತ್ರ ಬಂತು. ಕೇಂದ್ರ ಉತ್ತಮ ಸ್ಥಿತಿಯಲ್ಲಿದೆ, ಫಲಾನುಭವಿಗಳಿಗೆ ಯಾವ ಕೊರತೆಯೂ ಇಲ್ಲ, ಆದ್ದರಿಂದ ಅನುದಾನವನ್ನು ಹೆಚ್ಚು ಅಗತ್ಯವಿರುವ ಕಡೆಗೆ ಕೊಡಲಾಗಿದೆ. ಮೊದಲು ಆ ಹುಡುಗಿ ಹೋದಳು, ಆಮೇಲೆ ವ್ಯಾನು. ಅಣ್ಣನನ್ನು ವಾರಕ್ಕೆ ಮೂರು ಸಲ ಆಟೋಗೆ ಹತ್ತಿಸಿ ಇಳಿಸಿ ಆಸ್ಪತ್ರೆಗೆ ಅಲೆಯಲು ನನ್ನ ಬೆನ್ನು ಒಪ್ಪಲಿಲ್ಲ. ನಾನೇ ಕೈ ತಿಕ್ಕಿ ನೋಡಿದೆ. ಅವನಿಗೆ ನೋವಾಯಿತೇ ಹೊರತು ಬೆರಳು ಮುದುಡುವುದು ನಿಲ್ಲಲಿಲ್ಲ.

"ಅಳದೆ ಇದ್ರೆ ಹೆತ್ತ ತಾಯೂ ಹಾಲು ಕೊಡಲ್ಲ ಅಣ್ಣ. ಒಂದ್ಸಲ ಬಾಯ್ಬಿಟ್ಟು ಹೇಳು," ಎಂದು ದಿನಾ ಪ್ರಾಣ ತಿಂದೆ. ಅವನು ಆಗಲ್ಲ ಎಂದಷ್ಟೂ ಹಟ ಹಿಡಿದೆ. ಕೊನೆಗೆ ಸೋತು, ಹೂಂ ಎಂದ.

ಆ ಅಧಿಕಾರಿಯ ಕಚೇರಿಗೇ ಕರೆದುಕೊಂಡು ಹೋದೆ. ಈ ಸಲ ಅಣ್ಣ ಸೆಲ್ಯೂಟ್ ಹೊಡೆಯಲಿಲ್ಲ. ನೆಲ ನೋಡುತ್ತಾ, "ನನ್ನ ಕೈಲಿ ಆಗ್ತಿಲ್ಲ ಸಾರ್. ಒಳಚಡ್ಡೀನೂ ತಂಗೀನೇ ಹಾಕ್ಬೇಕು," ಎಂದ. ಅಪ್ಪ ತೀರಿಕೊಂಡಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದವನು ಅಷ್ಟು ಜನ ಗುಮಾಸ್ತರ ಮುಂದೆ ಗೊಳೋ ಎಂದು ಅತ್ತ.

ಅಧಿಕಾರಿ ಎದ್ದು ಬಂದು ನೀರು ಕೊಟ್ಟರು. "ಐಯಾ, ಇದನ್ನ ಅವತ್ತೇ ಹೇಳಬಾರದಿತ್ತಾ? ಈ ವರ್ಷದ್ದೆಲ್ಲಾ ಹಂಚಿ ಮುಗೀತು. ಮುಂದಿನ ವರ್ಷವಾದ್ರೂ ಸಿಗುತ್ತೆ ಅಂತ ನಾನು ಹೇಳಲಾರೆ," ಎಂದರು.

ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಹೋದರೆ ಅಣ್ಣ ನನ್ನ ಕೈ ತಳ್ಳಿದ. ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಕೈ ಹೇಗೂ ಹೋಗಿತ್ತು. ಉಳಿದಿದ್ದ ಮಾನವನ್ನೂ ನಾನೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಕಳೆದು ಬಂದೆ.