ಕಬ್ಬಿನ ನಡುವೆ ಬಿದ್ದ ದಾರಿ

ಯುದ್ಧದ ಸುದ್ದಿಯನ್ನು ನಾನು ಟೀವಿಯ ಶಬ್ದ ಆರಿಸಿ ನೋಡುತ್ತೇನೆ. ಶಾಂತಿಪ್ರಿಯನೆಂದಲ್ಲ, ಅದೇ ಹೊತ್ತಿಗೆ ನನ್ನ ಹೆಂಡತಿ ಪಕ್ಕದ ಕೋಣೆಯಲ್ಲಿ ದೇವರ ಮುಂದೆ ಕೂತಿರುತ್ತಾಳೆ, ಅಷ್ಟೆ. ಆದರೆ ಶಬ್ದವಿಲ್ಲದ ಯುದ್ಧ ಹೆಚ್ಚು ಹೆದರಿಸುತ್ತದೆ. ಆಕಾಶದಿಂದ ತೆಗೆದ ಬೂದು ಚಿತ್ರ. ಯಾವುದೋ ದೇಶದ ಒಂದು ಮನೆ, ಒಂದು ಅಂಗಳ, ಅಂಗಳದಲ್ಲಿ ಏನೋ ಒಣಹಾಕಿದ ಹಾಗಿದೆ. ಮರುಕ್ಷಣ ಹೂಕೋಸಿನಂಥ ಹೊಗೆ. ಹೊಗೆ ಚದುರಿದರೆ ಮನೆ ಇಲ್ಲ. ಭಯೋತ್ಪಾದಕರ ಅಡಗುತಾಣ ನಾಶ ಎಂದು ಕೆಳಗೆ ಅಕ್ಷರ ಓಡುತ್ತದೆ. ಒಣಹಾಕಿದ್ದು ಮೆಣಸಿನಕಾಯಿ ಇರಬಹುದೆ ಎಂದು ನಾನು ಯೋಚಿಸುತ್ತಾ ಕೂರುತ್ತೇನೆ.

ಮರುದಿನ ಸಂಜೆ ನಂಜನಗೂಡಿನಲ್ಲಿ, ಕಪಿಲೆಗೆ ಇಳಿಯುವ ರಸ್ತೆಯ ಟೀ ಅಂಗಡಿಯಲ್ಲಿ, ಅದೇ ಯುದ್ಧ ಶಬ್ದಸಮೇತ ನಡೆಯುತ್ತದೆ: ದೊಡ್ಡ ದೇಶದ ಸೈನ್ಯ ಅಲ್ಲಿಗೆ ನುಗ್ಗಿದ್ದು ಸರಿಯೆ, ತಪ್ಪೆ. ಸೇನಾಪತಿಗಳು ಇಬ್ಬರೇ: ನಿವೃತ್ತ ಬಸ್ ಡ್ರೈವರ್ ರಾಜಣ್ಣ, ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಶಿವಸ್ವಾಮಿ.

"ಪಕ್ಕದ್ಮನೆಯೋನು ಆವು ಸಾಕವ್ನೆ. ಅದು ಬಂದು ನನ್ ಮಗೂನ್ ಕಚ್ತದೆ. ಗ್ವಾಡೆ ಆರಿ ಓಗಿ ವಡೀಬಾರ್ದಾ?" ಎಂದು ರಾಜಣ್ಣ.

"ಹೊಡೀಲಿ. ಹೊಡೆದ ಮೇಲೆ ಅವರ ಅಡುಗೆಮನೇಲೇ ಮಂಚ ಹಾಕ್ಕೊಂಡು ಯಾಕೆ ಮಲಗ್ತಾರೆ? ಆ ದೇಶದಲ್ಲಿ ಎಣ್ಣೆ ಬಾವಿ ಇಲ್ಲದಿದ್ರೆ ಹೋಗ್ತಿದ್ರಾ?" ಎಂದು ಶಿವಸ್ವಾಮಿ.

"ಎಣ್ಣೆ ಐತೆ ಅಂತ ಆವು ಸುಳ್ಳಾಯ್ತದಾ ಮೇಷ್ಟ್ರೇ?"

ನನ್ನ ಕಷ್ಟವೆಂದರೆ, ಕೊನೆಗೆ ಮಾತಾಡಿದವರು ಯಾರೋ ಅವರು ನನಗೆ ಸರಿ ಕಾಣುತ್ತಾರೆ. "ನೀನು ನ್ಯಾಯಕ್ಕೆ ಕೂತ್ರೆ ಎರಡು ಕಡೆಯವ್ರೂ ಗೆದ್ದು ಮನೆಗೆ ಓಯ್ತಾರೆ ಕಣ್ಲಾ" ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರೇ ಚಿಕ್ಕಂದಿನಲ್ಲಿ ತಲಕಾಡಿನ ಮರಳ ಮೇಲೆ ಕೂರಿಸಿ, ಕೆಳಗೆ ಹೂತ ಊರಿನ ಕಥೆ ಹೇಳಿದ್ದು. ಒಬ್ಬ ಹೆಣ್ಣುಮಗಳ ಹಿಂದೆ ಸೈನಿಕರನ್ನು ಅಟ್ಟಿದ ಅರಸನ ಬಳಿಯೂ ಒಳ್ಳೆಯ ಕಾರಣವೇ ಇತ್ತಂತೆ: ದೇವಿಯ ಒಡವೆ. ಕಾರಣ ಹಳೆಯದಾಯಿತು, ಮರಳು ಇನ್ನೂ ಇದೆ. ಕಾಲ ಕೆಳಗೆ ಇಡೀ ಊರು ಉಸಿರು ಹಿಡಿದು ಮಲಗಿದೆ ಅನ್ನಿಸಿ, ನಾನು ಅಂದು ಕಾಲು ಮಡಚಿಕೊಂಡು ಕೂತಿದ್ದೆ.

ಈ ವಾದಕ್ಕೆ ಹೋದ ವರ್ಷ ಒಂದು ಉತ್ತರ ಸಿಕ್ಕ ಹಾಗಾಯಿತು. ಸಿಕ್ಕಿದ್ದು ಟೀವಿಯಲ್ಲಲ್ಲ, ಸೋಸಲೆಯಿಂದಾಚೆ ಹೊಳೆಪಕ್ಕದ ಹಳ್ಳಿಯಲ್ಲಿ, ನನ್ನ ಚಿಕ್ಕಮ್ಮ ನಿಂಗಮ್ಮನ ಕಬ್ಬಿನಲ್ಲಿ.

ಕಬ್ಬು ಆಳೆತ್ತರ ದಾಟಿದ ಮೇಲೆ ಆ ಕಡೆ ಹೊತ್ತು ಮುಳುಗಿದರೆ ಯಾರೂ ಚಿರತೆಯ ಹೆಸರೆತ್ತುವುದಿಲ್ಲ. 'ಅದು' ಎನ್ನುತ್ತಾರೆ. ಹೆಸರು ಹಿಡಿದರೆ ಕರೆದ ಹಾಗಂತೆ. ಇದರಿಂದ ಒಂದು ತೊಂದರೆ: ಗಾಳಿಗೆ ಗರಿ ಅಲುಗಿದರೂ 'ಅದು', ಹಂದಿ ನುಗ್ಗಿದರೂ 'ಅದು'. ನೋಡಿದವರು ಕಡಿಮೆ, ಇಲ್ಲ ಎಂದವರು ಯಾರೂ ಇಲ್ಲ.

ಚಿಕ್ಕಮ್ಮನ ಕೊಟ್ಟಿಗೆಗೆ ಅದು ನಿಜವಾಗಿಯೂ ಬಂದಿತ್ತು. ಬೆಳಿಗ್ಗೆ ನೋಡಿದರೆ ಹಗ್ಗ ಗೂಟದಲ್ಲಿ ಕಟ್ಟಿದ ಹಾಗೇ ಇತ್ತು, ಕರು ಇರಲಿಲ್ಲ. ತಾಯಿ ಹಸು ಕೂಗಲೂ ಇಲ್ಲವಂತೆ. ಕಬ್ಬಿನ ಕಡೆ ಮುಖ ಮಾಡಿ ನಿಂತದ್ದು, ಹುಲ್ಲು ಹಾಕಿದರೂ ತಿರುಗಲಿಲ್ಲ. ಅರಣ್ಯದವರ ಬೋನು ಬೇರೆ ಊರಿನಲ್ಲಿತ್ತು. ಊರಿನವರು ಹಗಲಲ್ಲೂ ಬಾಗಿಲು ಹಾಕಿಕೊಂಡರು. ಚಿಕ್ಕಮ್ಮ ನಾಲೆಯ ಆಚೆ ಊರಿನ ಯಜಮಾನ ಜವರಪ್ಪನಿಗೆ ಹೇಳಿ ಕಳಿಸಿದಳು.

ಜವರಪ್ಪ ಜನ ಕಟ್ಟಿಕೊಂಡು ಬಂದ. ತಮಟೆ, ಕುಡುಗೋಲು, ಪಟಾಕಿ. ಬೆಳೆದ ಕಬ್ಬಿನೊಳಗೆ ಕಣ್ಣು ಓಡುವುದಿಲ್ಲ; ಆದ್ದರಿಂದ ಗದ್ದೆಯ ನಡುವೆ ಈ ತುದಿಯಿಂದ ಆ ತುದಿಗೆ ಟ್ರಾಕ್ಟರಿನ ಅಗಲಕ್ಕೆ ಕಬ್ಬು ಕಡಿದು ಓಣಿ ಮಾಡಿದರು. ದಿನವಿಡೀ ಬಡಿದರು. ಹೊರಗೆ ಬಂದದ್ದು ಒಂದು ಮುಂಗುಸಿ. "ಓಡೋಗ್ಬುಟ್ಟದೆ ಬುಡಕ್ಕ" ಎಂದು ಜವರಪ್ಪ ಹೊರಟ.

ಮರುದಿನ ಆ ಓಣಿಯಲ್ಲಿ ಅವನ ಟ್ರಾಕ್ಟರು ಬಂತು. ಅದರ ಮರುದಿನವೂ. ಹೊಳೆದಂಡೆಯ ತಮ್ಮ ಹೊಲಕ್ಕೆ ಜವರಪ್ಪನ ಮನೆಯವರು ನಾಲೆಯ ಏರಿ ಬಳಸಿ ಹೋಗಬೇಕಿತ್ತು; ಇಲ್ಲೊಂದು ದಾರಿ ಕೊಡು ಎಂದು ವರ್ಷಗಳಿಂದ ಕೇಳುತ್ತಿದ್ದರು, ಚಿಕ್ಕಮ್ಮ ಒಪ್ಪಿರಲಿಲ್ಲ. ಈಗ ಇದೇನು ಎಂದು ಅವಳು ಕೇಳಿದ್ದಕ್ಕೆ ಜವರಪ್ಪ, "ನಿನ್ ಒಳ್ಳೇದ್ಕೇ ಕಣಕ್ಕ. ಅದು ತಿರ್ಗ ಬಂದ್ರೆ ನಾವು ಬಿರ್‍ರನೆ ಬರಕೆ ದಾರಿ ಬ್ಯಾಡ್ವಾ?" ಎಂದನಂತೆ. ನನ್ನ ಟೀ ಅಂಗಡಿಯ ಸೇನಾಪತಿಗಳಿಗೂ ಇಷ್ಟು ಒಳ್ಳೆಯ ಸಮರ್ಥನೆ ಹೊಳೆದಿರಲಿಲ್ಲ.

ನಾನು ಹೋದ ದಿನ, ಇಳಿಹೊತ್ತಿನಲ್ಲಿ ಚಿಕ್ಕಮ್ಮ ಓಣಿ ತೋರಿಸಲು ಕರೆದೊಯ್ದಳು. ಎರಡು ಕಡೆಯೂ ಕಬ್ಬಿನ ಗೋಡೆ. ನಾವು ನಡೆದರೆ ಒಳಗೆ ಏನೋ ಸರಸರ. ನಿಂತರೆ ಅದೂ ನಿಲ್ಲುತ್ತಿತ್ತು. ನಮ್ಮದೇ ಸದ್ದಿರಬೇಕು ಎಂದುಕೊಂಡೆ. ಚಿಕ್ಕಮ್ಮ ನೆಲಕ್ಕೆ ಕೈ ತೋರಿದಳು. ಧೂಳಿನಲ್ಲಿ ಟ್ರಾಕ್ಟರಿನ ಗಾಲಿಯ ಅಚ್ಚು. ಆ ಅಚ್ಚಿನ ಮೇಲೆ, ದುಂಡಗೆ, ಒಂದರ ಮುಂದೊಂದು, ಹೆಜ್ಜೆ. ಅವಸರವಿಲ್ಲದ ನಡಿಗೆ, ಹಾಲಿನ ಡೈರಿಗೆ ಹೊರಟವರ ಹಾಗೆ. ಅದನ್ನು ಓಡಿಸಲು ಕಡಿದ ದಾರಿ ಅದಕ್ಕೂ ಅನುಕೂಲವಾಗಿತ್ತು. ಹೆಜ್ಜೆಗಳು ಕೊಟ್ಟಿಗೆಯ ಕಡೆ ಹೋಗಿದ್ದವು.

"ಬನ್ನಿ ಅಂತ ನಾನೇ ಯೋಳ್ ಕಳ್ಸಿದ್ದು ಕಣಪ್ಪ. ಸುಳ್ಳಾಡಕಿಲ್ಲ. ಇರಿ ಅಂತ ಯೋಳ್ನಿಲ್ಲ. ಈಗ ಮುಚ್ಚುದ್ರೆ ನಾಳೆ ಯಾರೂ ಬರಕಿಲ್ಲ, ಇರೋ ಒಂದ್ ಅಸೂನೂ ಓಯ್ತದೆ. ಬುಟ್ರೆ ನೆಲ ಓಯ್ತದೆ. ಓದಿರೋನು, ನೀನೇ ಯೋಳು."

ನಾನು ಗಂಟಲು ಸರಿಮಾಡಿಕೊಂಡು, "ಒಂದು ರೀತೀಲಿ ನೋಡಿದ್ರೆ..." ಎಂದು ಶುರುಮಾಡಿದೆ.

"ನಿಮ್ಮಪ್ಪ ಯೋಳ್ತಿದ್ದುದ್ದು ಸರಿಯಾಗೇ ಅದೆ" ಎಂದು ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಜಾಲಿಮುಳ್ಳು ಎಳೆಯಲು ಹೋದಳು.

ಮಾರನೆಯ ಸಂಜೆಯ ಹೊತ್ತಿಗೆ ಓಣಿಯ ಎರಡು ಬಾಯಿಗೂ ಮುಳ್ಳು ಬಿತ್ತು. ನನ್ನ ಕೊಡುಗೆ ಒಂದು ಹರಿದ ಅಂಗಿ. ಜವರಪ್ಪ ಬಂದು ಬೇಲಿಯ ಆಚೆ ನಿಂತ.

"ನಾಳೆ ಅದು ಬಂದ್ರೆ ನಮ್ಮುನ್ ಕರೀಬ್ಯಾಡ ಕಣಕ್ಕ."

"ಕರೀತೀನಿ. ಬಾ. ಬಳಸ್ಕೊಂಡ್ ಬಾ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಕಬ್ಬಿನೊಳಗೆ ಯಾರೋ ಮರ ಕೊಯ್ಯುವ ಹಾಗೆ ಸದ್ದು. ಗರಗಸ ಒಮ್ಮೆ ಎಳೆದು, ನಿಲ್ಲಿಸಿ, ಮತ್ತೆ ಎಳೆದಂತೆ. ಬೇಲಿಯ ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಹಸು ಎದ್ದು ನಿಂತಿತು. ಮೂವರಲ್ಲಿ ಯಾರೂ ಹೆಸರೆತ್ತಲಿಲ್ಲ. ಜವರಪ್ಪ ತಿರುಗಿ ನಡೆದ. ಮನೆಗೆ ಹೋದ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಏರಿ ಬಳಸಿ, ಏದುಸಿರು ಬಿಡುತ್ತಾ, ಬ್ಯಾಟರಿ ಹಿಡಿದು ಅಂಗಳಕ್ಕೆ ಬಂದ. ಯಾಕೆ ಬಂದೆ ಎಂದು ಚಿಕ್ಕಮ್ಮ ಕೇಳಲಿಲ್ಲ.

"ಯಾವಾಗ ಓಯ್ತೀಯ?"

"ಅಸೂನ ಒಳಿಕ್ ಕಟ್ಟುದ್ ಮ್ಯಾಲೆ."

"ಅಂಗಾರೆ ಇಡ್ಕೊ ಅಗ್ಗವ."

ಕಟ್ಟಿದ, ಕೈ ತೊಳೆದ, ಹೋದ.

ಇದನ್ನು ಟೀ ಅಂಗಡಿಯಲ್ಲಿ ಹೇಳಿದೆ. "ನೋಡುದ್ರಾ, ಬಂದ" ಎಂದು ರಾಜಣ್ಣ ಗೆದ್ದ. "ನೋಡಿದ್ರಾ, ಬೇಲಿ ಹಾಕಿದ ಮೇಲೆ" ಎಂದು ಶಿವಸ್ವಾಮಿಯೂ ಗೆದ್ದ. ಸೈನ್ಯದವರು ಯಾಕೆ ಬಂದರು ಎಂಬುದರ ಮೇಲೆ ನಾವು ಸಂಜೆಗಳನ್ನೆಲ್ಲ ಕಳೆದಿದ್ದೆವು. ಬಂದವನನ್ನು ನಿಲ್ಲಿಸಿಕೊಂಡು ಯಾವಾಗ ಹೋಗುತ್ತೀ ಎಂದು ಕೇಳಬಹುದು ಎಂದು ಯಾರಿಗೂ ತೋಚಿರಲಿಲ್ಲ. ಹಾಗೆ ಕೇಳಲು ಆ ಬೂದು ಚಿತ್ರದ ಅಂಗಳದಲ್ಲಿ ಯಾರಾದರೂ ಉಳಿದಿರಬೇಕು, ಅದು ಬೇರೆ ಮಾತು.

ಒಂದನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಹಸು ಕಟ್ಟಿದ ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಚಿಕ್ಕಮ್ಮನ ಅಂಗಳದ ಅಂಚಿನ ಮಣ್ಣು ನೋಡಿದೆ. ಜವರಪ್ಪನ ಚಪ್ಪಲಿಯ ಗುರುತು ಬಂದದ್ದೂ ಇತ್ತು, ಹೋದದ್ದೂ ಇತ್ತು. 'ಅದರ' ಹೆಜ್ಜೆ, ಬಂದದ್ದು ಮಾತ್ರ ಇತ್ತು.